ಖಾಲಿ ಕುಕ್ಕರಿನ ಕೂಗು

ಪಾತ್ರೆ ಅಂಗಡಿಯ ನೆಲಮಾಳಿಗೆಯಲ್ಲಿ ಅವನ ಕೆಲಸ ಮುಚ್ಚಳ ಹುಡುಕುವುದು. ಮೇಲೆ ಗಿರಾಕಿಯೊಬ್ಬರು ಪಾತ್ರೆಯೊಂದನ್ನು ಮೆಚ್ಚಿ, ತಟ್ಟಿ, ತಿರುಗಿಸಿ, ತಳ ನೋಡಿ, ಕೊನೆಗೆ "ಇದಕ್ಕೆ ಮುಚ್ಚಳ?" ಅಂದರೆ ಸಾಕು, ಆ ಪಾತ್ರೆ ಮೆಟ್ಟಿಲಿಳಿದು ಅವನ ಕೈಗೆ ಬರುತ್ತಿತ್ತು. ಅಂಗಡಿ ಶುರುವಾದಾಗಿನಿಂದ ಜೋಡಿ ತಪ್ಪಿದ ಮುಚ್ಚಳಗಳೆಲ್ಲ ಅಲ್ಲಿ ಗೋಡೆಯ ಮೊಳೆಗಳಿಗೆ ನೇತುಬಿದ್ದಿದ್ದವು. ಅವನು ಪಾತ್ರೆಯ ಅಂಚಿನ ಮೇಲೆ ಬೆರಳಾಡಿಸುತ್ತಿದ್ದ, ಗೋಡೆಯತ್ತ ಒಮ್ಮೆ ಕಣ್ಣು ಹಾಯಿಸುತ್ತಿದ್ದ, ಎದ್ದು ಹೋಗಿ ಒಂದನ್ನು ಇಳಿಸಿಕೊಂಡು ಬರುತ್ತಿದ್ದ. ಅದು ಸರಿಯಾಗಿ ಕೂರುತ್ತಿತ್ತು. ಡಿಗ್ರಿ ಮುಗಿಸಿದ ಮೇಲೆ ಕೈಹತ್ತಿದ ವಿದ್ಯೆ ಇದೊಂದೇ ಎಂದು ತನಗೆ ತಾನೇ ಹೇಳಿಕೊಂಡು ನಗುತ್ತಿದ್ದ. ಅಂಗಡಿಯವರೆಲ್ಲ ಅವನನ್ನು ಮುಚ್ಚಳ ಎಂದೇ ಕರೆಯುತ್ತಿದ್ದರು. ಸಂಬಳದ ದಿನ ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ, ಯಾರಪ್ಪ ಅದು ಅಂತ ಅವನೇ ಹಿಂದೆ ತಿರುಗಿ ನೋಡುತ್ತಿದ್ದ.

ಯಜಮಾನರು ನೆಲಮಾಳಿಗೆಗೆ ಇಳಿದವರಲ್ಲ. ಮಂಡಿ ನೋವು ಅಂತ ಒಂದು ಕಾರಣ, ಅಲ್ಲಿನ ಧೂಳು ಇನ್ನೊಂದು ಕಾರಣ. ಹಾಗಾಗಿ ಒಂದು ಮಧ್ಯಾಹ್ನ ಅವರು ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದಾಗ ಅವನು ಕೈಯಲ್ಲಿದ್ದ ಮುಚ್ಚಳ ಕೆಳಗಿಟ್ಟು ಎದ್ದು ನಿಂತ. ಒಳ್ಳೆಯ ಸುದ್ದಿ ಹೇಳಲು ಯಾರೂ ಮಂಡಿ ನೋಯಿಸಿಕೊಳ್ಳುವುದಿಲ್ಲ.

"ಈ ಗೋಡೌನ್ ಬಿಟ್ಟುಕೊಡ್ತಾ ಇದೀನಿ" ಅಂದರು ಯಜಮಾನರು, ಗೋಡೆಯ ಮುಚ್ಚಳಗಳನ್ನು ನೋಡುತ್ತಾ. "ಈಗ ಬರೋ ಮಾಲೆಲ್ಲ ಡಬ್ಬದಲ್ಲೇ ಮುಚ್ಚಳ ಹಾಕ್ಕೊಂಡು ಬರುತ್ತೆ. ಹುಡುಕೋ ಕೆಲಸ ಇಲ್ಲ."

"ಹೌದು ಸರ್" ಅಂದ. ತನ್ನ ಕೆಲಸ ಹೋಗುತ್ತಿದೆ ಎಂಬ ಮಾತಿಗೆ ಹೌದು ಸರ್ ಅಂದುಬಿಟ್ಟೆನಲ್ಲ ಎಂದು ಆಮೇಲೆ ಹೊಳೆಯಿತು.

"ಡೆಮೊ ಕೊಡ್ತಿದ್ದೋನು ಬೇರೆ ಕಡೆ ಸೇರ್ಕೊಂಡ. ಮುಂದಿನ ತಿಂಗಳು ಮೈದಾನದಲ್ಲಿ ಮನೆಸಾಮಾನಿನ ಮೇಳ. ಮೂರು ದಿನ ಸ್ಟಾಲ್ ಹಾಕ್ತೀವಿ. ಹೊಸ ಕುಕ್ಕರ್ ಡೆಮೊ ನೀನು ಕೊಡು. ಜನ ನಿಂತು ನೋಡಿ ತಗೊಂಡ್ರೆ, ಮೇಲೆ ಕೌಂಟರಿಗೆ ಬಾ. ಇಲ್ಲಾಂದ್ರೆ..." ಅವರು ಮಾತು ಮುಗಿಸದೆ ಮೊಳೆಗೆ ನೇತಾಡುತ್ತಿದ್ದ ಮುಚ್ಚಳವೊಂದನ್ನು ಬೆರಳಲ್ಲಿ ಮೀಟಿದರು. ಅದು ಅತ್ತಿತ್ತ ಆಡಿ ನಿಂತಿತು. ಬಾಕಿ ಮಾತು ಅವನಿಗೆ ಅರ್ಥವಾಯಿತು.

"ಸರ್, ನನಗೆ ಅಡುಗೆ ಬರಲ್ಲ."

"ನಿನ್ನ ಅಡುಗೆ ಯಾರಿಗಪ್ಪ ಬೇಕು? ನಾವು ಮಾರೋದು ಕುಕ್ಕರು."

ಇದು ಧೈರ್ಯ ಹೇಳಿದ್ದೋ ಬೈದದ್ದೋ ಎಂಬುದು ಅವನಿಗೆ ತಿಳಿಯಲಿಲ್ಲ. ಅಂದಿನಿಂದ ಶುರುವಾದ ಗೊಂದಲ ಮೇಳ ಮುಗಿಯುವವರೆಗೂ ಬಿಡಲಿಲ್ಲ.

ಸಂಜೆ ಮನೆಗೆ ಹೋಗಿ ಅಮ್ಮನಿಗೆ ವಿಷಯ ಹೇಳಿದ. ಅಮ್ಮ ತರಕಾರಿ ಹೆಚ್ಚುತ್ತಿದ್ದವಳು ಕೈ ನಿಲ್ಲಿಸಿ, ಇವನು ಹೇಳುತ್ತಿರುವುದು ಜೋಕೋ ಏನೋ ಎಂದು ಮಗಳ ಮುಖ ನೋಡಿದಳು. ತಂಗಿ ಓದುತ್ತಿದ್ದ ಪುಸ್ತಕ ಮಡಚಿಟ್ಟಳು.

"ಅಣ್ಣ ಅಡುಗೆ ಮಾಡಿ ತೋರಿಸ್ತಾನಂತೆ. ಬೆಂಕಿ ಆರಿಸೋರಿಗೆ ಮೊದಲೇ ಹೇಳಿಡಬೇಕು."

"ನೀನು ಸುಮ್ನಿರೇ" ಅಂದಳು ಅಮ್ಮ. "ಬಾರೋ ಇಲ್ಲಿ. ಇದೇನು ದೊಡ್ಡ ವಿದ್ಯೆ ಅಲ್ಲ. ನಾನು ಮಾಡೋದು ನೋಡ್ಕೋ."

ಕುಕ್ಕರೊಂದನ್ನು ಬಿಟ್ಟರೆ ಆ ಅಡುಗೆಮನೆಯಲ್ಲಿ ಒಂದು ಪಾತ್ರೆಗೂ ಮುಚ್ಚಳವಿರಲಿಲ್ಲ. ಇಡೀ ಊರಿನ ಪಾತ್ರೆಗಳಿಗೆ ಮುಚ್ಚಳ ಹುಡುಕಿಕೊಡುವವನ ಮನೆಯಲ್ಲಿ ಎಲ್ಲದರ ಮೇಲೂ ತಟ್ಟೆ. ಅವನು ಎಷ್ಟೋ ಸಲ ತಂದುಕೊಡುತ್ತೇನೆ ಅಂದಿದ್ದ. "ಮುಚ್ಚಳ ಇಟ್ರೆ ಅದರ ಮೇಲೆ ಸೌಟು ಎಲ್ಲಿಡ್ಲಿ?" ಎಂದು ಅಮ್ಮ ಮಾತು ಮುಗಿಸುತ್ತಿದ್ದಳು.

ಪಾಠ ಶುರುವಾಯಿತು. "ನೀರು ಎಷ್ಟು ಹಾಕಬೇಕು?" ಅಂತ ಕೇಳಿದ.

"ಬೇಕಾಗುವಷ್ಟು."

"ಎಷ್ಟು ಬೇಕಾಗತ್ತೆ?"

"ಹಾಕಿದ ಮೇಲೆ ಗೊತ್ತಾಗತ್ತೆ."

"ಹಾಕೋಕೆ ಮುಂಚೆ ಗೊತ್ತಾಗಬೇಕಲ್ಲಮ್ಮ."

"ಹಾಕೋಕೆ ಮುಂಚೆ ಹೇಗೋ ಗೊತ್ತಾಗತ್ತೆ? ನೀರು ಇನ್ನೂ ಕೊಡದಲ್ಲಿ ಇರತ್ತೆ."

ಇನ್ನೊಂದು ತೊಡಕೆಂದರೆ, ಅಮ್ಮ ಮಾತಾಡುವಾಗ ಕೈ ನಿಲ್ಲುತ್ತಿತ್ತು, ಕೈ ಆಡುವಾಗ ಮಾತು ನಿಲ್ಲುತ್ತಿತ್ತು. ಮಗ ಏನಾದರೂ ಕೇಳಿದರೆ ಒಲೆ ಸಣ್ಣ ಮಾಡಿ, ಸೊಂಟಕ್ಕೆ ಕೈಯಿಟ್ಟು ಉತ್ತರ ಹೇಳಿ, ಆಮೇಲೆ ಒಲೆ ದೊಡ್ಡದು ಮಾಡುತ್ತಿದ್ದಳು. ಯಜಮಾನರಿಗೆ ಬೇಕಿದ್ದುದು ಮಾತೂ ಕೈಯೂ ಒಟ್ಟಿಗೆ ಓಡುವ ಮನುಷ್ಯ. ಹಾಗೆ ಎರಡನ್ನೂ ಒಟ್ಟಿಗೆ ಓಡಿಸುವವರು ಅವರ ವಂಶದಲ್ಲೇ ಇರಲಿಲ್ಲ.

ಅಂಗಡಿಯಲ್ಲಿ ತಾಲೀಮು ಬೇರೆಯೇ ಥರ. ದಿನವೂ ವ್ಯಾಪಾರ ಮುಗಿದ ಮೇಲೆ ಷಟರ್ ಅರ್ಧ ಇಳಿಸಿ, ಕೌಂಟರ್ ಮೇಲಿನ ಸಾಮಾನು ಸರಿಸಿ, ಹೊಸ ಕುಕ್ಕರನ್ನು ನಡುವೆ ಇಡುತ್ತಿದ್ದರು. ಆದರೆ ಬೆಂಕಿಯಿಲ್ಲ, ನೀರಿಲ್ಲ, ತರಕಾರಿಯಿಲ್ಲ. ಒಮ್ಮೆ ಒಲೆ ಕಂಡ ಕುಕ್ಕರನ್ನು ಹೊಸದು ಅಂತ ಮಾರುವ ಹಾಗಿಲ್ಲ ಎಂಬುದು ಯಜಮಾನರ ವಾದ. "ಕಲೆ ಬಿದ್ದ ಪಾತ್ರೆ ಯಾರಪ್ಪ ತಗೋತಾರೆ? ಒಂದು ಪೀಸು ಸುಮ್ಮನೆ ಹಾಳು" ಅನ್ನುತ್ತಿದ್ದರು. ಹಿಂದಿನ ಡೆಮೊದವನೂ ಹೀಗೆಯೇ ಕಲಿತದ್ದಂತೆ. ಎಲ್ಲ ಕೈಯಲ್ಲೇ ನಟಿಸಬೇಕು. ಇಲ್ಲದ ತಟ್ಟೆಯಿಂದ ಇಲ್ಲದ ಆಲೂಗಡ್ಡೆ ತೆಗೆದು ಹಾಕಬೇಕು, ಇಲ್ಲದ ಚೊಂಬಿನಿಂದ ಇಲ್ಲದ ನೀರು ಸುರಿಯಬೇಕು, ಇಲ್ಲದ ಒಲೆಗೆ ಬಾಯಲ್ಲೇ 'ಟಕ್' ಅಂತ ಕಿಡಿ ಹಚ್ಚಬೇಕು.

ಗಿರಾಕಿಯ ಪಾತ್ರಕ್ಕೆ ಕ್ಯಾಷ್ ಅಕ್ಕ. ಅಂಗಡಿ ಶುರುವಾದಾಗಿನಿಂದ ಗಲ್ಲಾಪೆಟ್ಟಿಗೆಯ ಹಿಂದಿನ ಎತ್ತರದ ಕುರ್ಚಿಯ ಮೇಲೆ ಕೂತು, "ಚಿಲ್ಲರೆ ಇದೆಯಾ?" ಎಂಬೊಂದು ಮಾತು ಬಿಟ್ಟರೆ ತುಟಿ ಪಿಟಕ್ಕೆನ್ನದ ಹೆಂಗಸು. ಕುಕ್ಕರ್ ಮುಚ್ಚಿ ಸ್ವಲ್ಪ ಹೊತ್ತಾದ ಮೇಲೆ ಕೂಗು ಬರಬೇಕಲ್ಲ, ಬೆಂಕಿಯಿಲ್ಲದೆ ಅದು ಎಲ್ಲಿಂದ ಬರಬೇಕು? ಅವನು "ಈಗ ಕೂಗು ಬರುತ್ತೆ, ಕಿವಿಗೊಡಿ" ಎಂದು ಬೆರಳೆತ್ತಿದಾಗ ಆ ಕೂಗು ಹಾಕಲು ಯಜಮಾನರು ಅಕ್ಕನಿಗೇ ಹೇಳಿದರು. ಮೊದಲ ದಿನ ಅಕ್ಕ ನಾಚಿಕೊಂಡು 'ಸ್ಸ್' ಅಂದಳು. ನಾಲ್ಕನೇ ದಿನಕ್ಕೆ ಅವಳ ಕೂಗಿಗೆ ಬಲ ಬಂತು. ಆಮೇಲಾಮೇಲೆ ಹೊಸ ರಬ್ಬರಿನ ಕೂಗು, ಹಳೇ ರಬ್ಬರಿನ ಕೂಗು, ನೀರು ಜಾಸ್ತಿಯಾಗಿ ಉಗುಳುವ ಕೂಗು ಎಂದು ಬೇರೆಬೇರೆ ಮಾಡಿ ತೋರಿಸತೊಡಗಿದಳು. ಎಷ್ಟೋ ವರ್ಷದಿಂದ ಒಳಗೆ ಕೂಡಿಟ್ಟುಕೊಂಡ ಒತ್ತಡವೆಲ್ಲ ಆ ಕೂಗಿನಲ್ಲಿ ಹೊರಬರುತ್ತಿತ್ತೋ ಏನೋ.

ಅವನೂ ಪಳಗಿದ. ಮುಚ್ಚಳ ಮುಚ್ಚುವುದರಲ್ಲಂತೂ ಅವನಿಗೆ ಹೇಳಿಕೊಡಬೇಕಾದ್ದು ಏನೂ ಇರಲಿಲ್ಲ. ಒಂದೇ ತಿರುವಿಗೆ ಟಕ್ಕೆಂದು ಕೂರಿಸಿಬಿಡುತ್ತಿದ್ದ. ಇಲ್ಲದ ಈರುಳ್ಳಿ ಹೆಚ್ಚುವಾಗ ಕಣ್ಣು ಕಿರಿದು ಮಾಡುವುದು ಅವನದೇ ಸೇರ್ಪಡೆ. ಅದನ್ನು ನೋಡಿ ಕ್ಯಾಷ್ ಅಕ್ಕ ನಿಜವಾಗಿಯೂ ಕಣ್ಣು ಒರೆಸಿಕೊಂಡಳು. ಕಡೆಯ ತಾಲೀಮಿನ ದಿನ ಅವನು ಖಾಲಿ ಕುಕ್ಕರಿನ ಮುಚ್ಚಳ ತೆಗೆದಾಗ ಯಜಮಾನರು ಬಗ್ಗಿ ಮೂಗು ಹಿಗ್ಗಿಸಿ, "ಘಮ್ ಅಂತಿದೆ ಕಣೋ" ಅಂದರು. ಮನೆಯಲ್ಲಿ ಅಮ್ಮನ ಎದುರು ನಿಜವಾದ ಆಲೂಗಡ್ಡೆ ಬೇಯಿಸಿದ್ದ ಎರಡು ಸಲದಲ್ಲಿ ಒಮ್ಮೆ ಹಸಿ, ಒಮ್ಮೆ ಮುದ್ದೆ. ಇಲ್ಲದ ಆಲೂಗಡ್ಡೆ ಮಾತ್ರ ದಿನವೂ ಹದವಾಗಿ ಬೇಯುತ್ತಿತ್ತು. ಹೀಗಾಗಿ ಅವನು ಮನೆಯ ಪಾಠ ಬಿಟ್ಟು ಅಂಗಡಿಯ ಪಾಠವನ್ನೇ ನೆಚ್ಚಿಕೊಂಡ.

ಮೇಳದ ಮೊದಲ ದಿನ ಮೈದಾನದ ತುಂಬ ತಗಡಿನ ಮಾಡಿನ ಸ್ಟಾಲುಗಳು. ಒಂದು ಕಡೆ ಹಾಸಿಗೆ, ಇನ್ನೊಂದು ಕಡೆ ನೆಲ ಒರೆಸುವ ಕೋಲು, ನಡುವೆ ಇವರ ಕುಕ್ಕರು. ಯಜಮಾನರು ಹೊಸ ಅಂಗಿ ಹಾಕಿ ಬಂದಿದ್ದರು. ಮೇಜಿನ ಎಡಗಡೆ ದೊಡ್ಡ ತಟ್ಟೆಯಲ್ಲಿ ಕತ್ತರಿಸಿದ ಆಲೂಗಡ್ಡೆ, ಕ್ಯಾರೆಟ್ಟು, ಹುರುಳಿಕಾಯಿಗಳನ್ನು ಬಣ್ಣ ನೋಡಿ ನೋಡಿ ಸುತ್ತು ಸುತ್ತಾಗಿ ತಾವೇ ಜೋಡಿಸಿದರು. ಪಕ್ಕದಲ್ಲಿ ಒಂದು ಚೊಂಬು ನೀರು. ಬೆಂಕಿಯ ವಿಷಯದಲ್ಲಿ ಯಾರನ್ನೂ ನಂಬದ ಮನುಷ್ಯನಾದ್ದರಿಂದ ಒಲೆ ಹಚ್ಚಿದ್ದೂ ಅವರೇ. ಆಮೇಲೆ ಪಕ್ಕಕ್ಕೆ ಸರಿದು, ಶುರು ಮಾಡು ಅಂತ ಕಣ್ಣಲ್ಲೇ ಹೇಳಿದರು.

ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಮಡಚುವ ಸ್ಟೂಲು ತಂದುಕೊಂಡು ಕೂತಿದ್ದಳು. ಹಿಂದೆ ಹತ್ತಿಪ್ಪತ್ತು ಜನ. ಅವನ ಬಾಯಿ ತಾಲೀಮಿನಷ್ಟೇ ಸಲೀಸಾಗಿ ತೆರೆದುಕೊಂಡಿತು.

"ಅಮ್ಮಂದಿರೇ, ಅಕ್ಕಂದಿರೇ, ಅಡುಗೆ ಮಾಡಿದರೂ ಒಪ್ಪಿಕೊಳ್ಳದ ಅಣ್ಣಂದಿರೇ."

ಜನ ನಕ್ಕರು. ಅವನಿಗೆ ಹುರುಪು ಬಂತು. ಕೈ ಓಡಿತು, ಮಾತೂ ಓಡಿತು. ಎರಡೂ ಒಟ್ಟಿಗೆ ಓಡುತ್ತಿವೆಯೆಂದು ಒಳಗೊಳಗೇ ಬೀಗಿದ. ಆಲೂಗಡ್ಡೆ ಹಾಕಿದ, ಕ್ಯಾರೆಟ್ ಹಾಕಿದ, ಉಪ್ಪು ಉದುರಿಸಿದ, ನೀರು ಸುರಿದ, ಈರುಳ್ಳಿಗೆ ಕಣ್ಣು ಕಿರಿದು ಮಾಡಿದ. ಮುಚ್ಚಳವನ್ನು ಗಾಳಿಯಲ್ಲಿ ಒಮ್ಮೆ ತಿರುಗಿಸಿ ಟಕ್ಕೆಂದು ಕೂರಿಸಿ ಒಲೆಯ ಮೇಲಿಟ್ಟ. ಇಷ್ಟು ಹೊತ್ತೂ ಆ ಬಣ್ಣದ ತಟ್ಟೆ ಎಡಗಡೆ ಹಾಗೇ ಇತ್ತು. ಅದನ್ನು ಅವನು ನೋಡಿರಲಿಲ್ಲ ಅಂತಲ್ಲ. ಯಜಮಾನರು ಅಷ್ಟು ಚೆಂದವಾಗಿ ಜೋಡಿಸಿದ್ದು ಅಲಂಕಾರಕ್ಕೆ ಎಂದುಕೊಂಡಿದ್ದ.

"ಏನೂ ಹಾಕಲೇ ಇಲ್ಲವಲ್ಲ ಮಗಾ" ಅಂದಳು ಅಜ್ಜಿ.

ತಾಲೀಮಿನಲ್ಲಿ ಗಿರಾಕಿಯ ಕುಹಕಕ್ಕೆ ನಗುತ್ತಲೇ ಉತ್ತರ ಕೊಡಬೇಕೆಂದು ಹೇಳಿಕೊಟ್ಟಿದ್ದರು. ಅವನು ನಕ್ಕ. "ನಮ್ಮ ಕುಕ್ಕರ್ ಅಷ್ಟು ಬೇಗ ನುಂಗಿಬಿಡುತ್ತೆ ಅಜ್ಜಿ" ಅಂದ. ಜನರೂ ನಕ್ಕರು. ಅಜ್ಜಿ ಮಾತ್ರ ನಗದೆ ಕುಕ್ಕರನ್ನೇ ನೋಡುತ್ತಿದ್ದಳು.

ಅವನು ಕುಕ್ಕರಿನ ದಪ್ಪ ತಳದ ಬಗ್ಗೆ, ಹಿಡಿಯ ಬಗ್ಗೆ, ವೆಯ್ಟಿನ ಬಗ್ಗೆ ಹೇಳಬೇಕಾದ್ದೆಲ್ಲ ಹೇಳಿ ಮುಗಿಸಿ, ಬೆರಳೆತ್ತಿದ. "ಈಗ ಕೂಗು ಬರುತ್ತೆ, ಕಿವಿಗೊಡಿ."

ಕೂಗು ಬರಲಿಲ್ಲ. ಬಂದದ್ದು ಕಮಟು ವಾಸನೆ. ರಬ್ಬರು ಸುಡುವ ವಾಸನೆ ಅಂತ ಗೋಡೌನಿನಲ್ಲಿ ಬೆಳೆದ ಅವನ ಮೂಗಿಗೆ ತಿಳಿಯಿತು, ಆದರೆ ಏಕೆ ಎಂಬುದು ತಲೆಗೆ ಹೊಳೆಯಲಿಲ್ಲ. ಎಲ್ಲ ಸರಿಯಾಗಿಯೇ ಮಾಡಿದ್ದೆನಲ್ಲ. ದಿನವೂ ಹೀಗೇ ಮಾಡಿದ್ದೆನಲ್ಲ. ಜನ ಮುಖ ಮುಖ ನೋಡಿಕೊಂಡರು. ಅವನು ಇನ್ನೊಂದು ಸಲ ಬೆರಳೆತ್ತಿ, ಈ ಸಲ ಸ್ವಲ್ಪ ಬೇಡಿಕೊಳ್ಳುವ ದನಿಯಲ್ಲಿ, "ಈಗ ಕೂಗು ಬರುತ್ತೆ, ಕಿವಿಗೊಡಿ" ಅಂದ.

ಸ್ಟಾಲಿನ ಮೂಲೆಯಲ್ಲಿ ಹಣದ ಡಬ್ಬ ಹಿಡಿದು ಕೂತಿದ್ದ ಕ್ಯಾಷ್ ಅಕ್ಕ ಅಷ್ಟು ದಿನದ ಅಭ್ಯಾಸ ಬಿಡಲಾರದೆ ಕಣ್ಣು ಮುಚ್ಚಿ, ಕತ್ತು ಎತ್ತಿ, ಹೊಸ ರಬ್ಬರಿನ ಕೂಗನ್ನು ಹಾಕಿಯೇಬಿಟ್ಟಳು.

ಒಂದು ಗಳಿಗೆ ಯಾರಿಗೂ ಏನೂ ಅರ್ಥವಾಗಲಿಲ್ಲ. ಹಾಸಿಗೆ ಸ್ಟಾಲಿನವನು ಇತ್ತ ತಿರುಗಿದ. ಆಮೇಲೆ ಎಲ್ಲಿಂದಲೋ ಒಂದು ನಗು ಶುರುವಾಗಿ ಇಡೀ ಗುಂಪಿಗೆ ಹಬ್ಬಿತು. ಹೆಂಗಸರು ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಕ್ಕರು. ಯಜಮಾನರು ಓಡಿ ಬಂದು ಒಲೆ ಆರಿಸಿದರು. ಕುಕ್ಕರ್ ತಣ್ಣಗಾದ ಮೇಲೆ ಮುಚ್ಚಳ ತೆಗೆದರೆ ಒಳಗೆ ನೀಲಿ ಕಂದು ಕಲೆ ಬಿಟ್ಟರೆ ಬೇರೇನೂ ಇರಲಿಲ್ಲ. ಅವರು ಅದನ್ನು ಹೆಣ ಮುಚ್ಚುವ ಹಾಗೆ ಬಟ್ಟೆ ಮುಚ್ಚಿ ಮೇಜಿನ ಕೆಳಗೆ ತಳ್ಳಿದರು. ಅವನು ಬಣ್ಣದ ತಟ್ಟೆಯನ್ನು ನೋಡಿದ. ಆಲೂಗಡ್ಡೆ ಅವನನ್ನು ನೋಡಿತು. ಆಗ ಅರ್ಥವಾಯಿತು, ಅರ್ಥವಾದದ್ದರಿಂದ ಏನೂ ಉಪಯೋಗವಿರಲಿಲ್ಲ.

ಕೆಲಸ ಹೋಯಿತು ಅಂದುಕೊಂಡೇ ಅವನು ಸಂಜೆವರೆಗೆ ಡಬ್ಬಗಳ ಹಿಂದೆ ತಲೆ ತಗ್ಗಿಸಿ ಕೂತ. ಆದರೆ ಜನ ಬಂದು ಬಂದು ಕೇಳತೊಡಗಿದರು. "ಆ ಖಾಲಿ ಅಡುಗೆ ಮಾಡೋನು ಎಲ್ಲಿ? ಮತ್ತೆ ಯಾವಾಗ?" ಕ್ಯಾಷ್ ಅಕ್ಕನನ್ನು "ಅಕ್ಕಾ, ಒಂದು ಕೂಗು ಹಾಕಿ" ಅಂತ ಕಾಡಿದರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳಾದರೂ ಸೆರಗಿನೊಳಗೆ ನಗುತ್ತಿದ್ದಳು. ಕುಕ್ಕರ್ ಮಾತ್ರ ಯಾರೂ ಕೊಳ್ಳಲಿಲ್ಲ. ಯಜಮಾನರು ಗಲ್ಲ ಕೆರೆದುಕೊಳ್ಳುತ್ತಾ ಬಂದರು.

"ನಾಳೇನೂ ಹಾಗೇ ಮಾಡು."

"ಹಾಗೇ ಅಂದ್ರೆ ಸರ್?"

"ಖಾಲಿ ಇಡು. ಜನ ಸೇರ್ತಾರೆ. ಸೇರಿದ ಮೇಲೆ ನಾನು ಮಾರ್ಕೋತೀನಿ."

ಮನೆಗೆ ಬಂದು ಹೇಳಿದಾಗ ತಂಗಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು ಬಂತು. ಅಮ್ಮ ನಗಲಿಲ್ಲ. "ಖಾಲಿ ಪಾತ್ರೆ ಒಲೆ ಮೇಲಿಟ್ಟೆಯಾ?" ಅಂದಳು. ಯಾರನ್ನೋ ಹೊಡೆದೆಯಾ ಅಂತ ಕೇಳುವ ದನಿ ಅದು. ಅವನು ಯಜಮಾನರ ಹೊಸ ಉಪಾಯ ಹೇಳಹೋದ. ಅಮ್ಮ ಕೇಳಿಸಿಕೊಳ್ಳಲಿಲ್ಲ. ಮನೆಯ ಕುಕ್ಕರನ್ನು ಅವನ ಮುಂದೆ ಕುಕ್ಕಿ, "ಹಾಕು" ಅಂದಳು. ಆಲೂಗಡ್ಡೆ ಹಾಕಿದ. "ತೆಗಿ. ಮತ್ತೆ ಹಾಕು." ತೆಗೆದ, ಹಾಕಿದ. "ನೀರು." ಹಾಕಿದ. "ಚೆಲ್ಲು. ಮತ್ತೆ ಹಾಕು." ಊಟದ ಹೊತ್ತಿನವರೆಗೂ ಅದೇ ಆಯಿತು. ತಂಗಿ ಮಾತ್ರ, "ಅಮ್ಮಾ, ಸಾಕು, ಆ ಆಲೂಗಡ್ಡೆಗೇ ತಲೆ ತಿರುಗ್ತಿದೆ" ಅಂದಳು.

ಅಮ್ಮನ ಪಾಠ ಈ ಸಲ ಕೈಗೆ ಇಳಿದಿತ್ತು. ಎರಡನೇ ದಿನ ಅವನು ಮನಸ್ಸಿನಲ್ಲಿ ಖಾಲಿ, ಖಾಲಿ ಎಂದು ಜಪಿಸುತ್ತಲೇ ಮಾತು ಶುರು ಮಾಡಿದ. ನೆನ್ನೆಯ ಸುದ್ದಿ ಕೇಳಿ ಗುಂಪು ಇಮ್ಮಡಿಯಾಗಿತ್ತು. ಅಜ್ಜಿ ಸ್ಟೂಲಿನ ಸಮೇತ ಅದೇ ಜಾಗದಲ್ಲಿದ್ದಳು. ಎಲ್ಲರೂ ನಗಲು ಬಾಯಿ ಸಿದ್ಧ ಮಾಡಿಕೊಂಡು ನಿಂತಿದ್ದರು. ಅವನು ಮಾತಾಡುತ್ತಾ ಹೋದ, ಕೈ ಅದರ ಪಾಡಿಗೆ ಅದು ಆಲೂಗಡ್ಡೆ ಹಾಕಿತು, ಕ್ಯಾರೆಟ್ ಹಾಕಿತು, ನೀರು ಸುರಿಯಿತು, ಮುಚ್ಚಳ ಮುಚ್ಚಿತು. ಹೊತ್ತಿಗೆ ಸರಿಯಾಗಿ ಕುಕ್ಕರ್ ಕೂಗಿತು. ಜನ ಕ್ಯಾಷ್ ಅಕ್ಕನತ್ತ ತಿರುಗಿದರು. ಅಕ್ಕ ನಾನಲ್ಲ ಅಂತ ಕೈಯಾಡಿಸಿದಳು. ಮುಚ್ಚಳ ತೆಗೆದರೆ ತರಕಾರಿ ಹದವಾಗಿ ಬೆಂದಿತ್ತು. ಯಾರೋ ಎರಡು ಚಪ್ಪಾಳೆ ತಟ್ಟಿ, ಜೊತೆಗೆ ಯಾರೂ ತಟ್ಟದ್ದನ್ನು ನೋಡಿ ನಿಲ್ಲಿಸಿದರು. "ಇವತ್ತೇನೂ ಇಲ್ವಂತೆ" ಎನ್ನುತ್ತಾ ಗುಂಪು ನೆಲ ಒರೆಸುವ ಕೋಲಿನ ಕಡೆ ಸರಿಯಿತು.

ಯಜಮಾನರು ಡಬ್ಬಗಳ ಹಿಂದೆ ಕರೆದುಕೊಂಡು ಹೋದರು.

"ನಿನಗೆ ಹೇಳಿದ್ದೇನು?"

"ಖಾಲಿ ಇಡು ಅಂತ ಸರ್."

"ಮಾಡಿದ್ದೇನು?"

"ಕೈ ತಾನಾಗೇ ಹಾಕ್ತು ಸರ್."

"ನೆನ್ನೆ ಆ ಕೈ ಎಲ್ಲಿ ಹೋಗಿತ್ತು?"

ನ್ಯಾಯವಾದ ಪ್ರಶ್ನೆ. ಅವನೂ ಅದನ್ನೇ ಯೋಚಿಸುತ್ತಿದ್ದ. ಬೇಯಿಸು ಅಂದ ದಿನ ಬೇಯಿಸಲಿಲ್ಲ, ಬೇಯಿಸಬೇಡ ಅಂದ ದಿನ ಬೇಯಿಸಿದೆ. ಈ ಕೈಗಳು ಯಾರ ಸಂಬಳಕ್ಕೆ ದುಡಿಯುತ್ತಿವೆ? ಅವನು ಎರಡೂ ಕೈಯನ್ನು ಯಜಮಾನರ ಮುಂದೆ ಹಿಡಿದು ನೋಡಿಕೊಂಡ. ಅವರೂ ನೋಡಿದರು, ಅಲ್ಲೇನಾದರೂ ಬರೆದಿರಬಹುದು ಎಂಬಂತೆ.

"ನಾಳೆ ಕಡೇ ದಿನ" ಅಂದರು ಕೊನೆಗೆ. ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. "ಏನಾದ್ರೂ ಮಾಡು. ನನ್ನ ಕೇಳಬೇಡ. ನಾಳೆ ಹತ್ತು ಕುಕ್ಕರಾದ್ರೂ ಹೋಗ್ಲಿಲ್ಲಾಂದ್ರೆ ಗೋಡೌನ್ ಜೊತೆ ನಿನ್ನ ಲೆಕ್ಕಾನೂ ಮುಗಿಸ್ತೀನಿ."

ಮೂರನೇ ದಿನ ಬೆಳಗ್ಗೆಯಿಂದ ಗಾಳಿ. ಮೈದಾನದ ಮಣ್ಣೆಲ್ಲ ಎದ್ದು ಬಂದು ತರಕಾರಿಯ ಮೇಲೆ ಕೂರುತ್ತಿದ್ದುದರಿಂದ ಯಜಮಾನರು ತಟ್ಟೆಗೆ ಬಟ್ಟೆ ಮುಚ್ಚಿ ಮೇಜಿನ ಕೆಳಗಿನ ಹಲಗೆಯ ಮೇಲಿಟ್ಟರು. ಚೊಂಬು ಮಾತ್ರ ಮೇಲಿತ್ತು. ಭಾನುವಾರವಾದ್ದರಿಂದ ಜನವೂ ಬಹಳ. ಅವನ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು. ಹಾಕಬೇಕೆ, ಹಾಕಬಾರದೆ? ಅಮ್ಮನ ಮಾತು ಒಂದು ಕಿವಿಯಲ್ಲಿ, ಯಜಮಾನರದು ಇನ್ನೊಂದರಲ್ಲಿ. ಮಾತು ಶುರು ಮಾಡಿದ. ನೀರು ಸುರಿದ, ಅದು ನೆನಪಿದೆ. ತಟ್ಟೆಗೆಂದು ಬಗ್ಗಿದ, ಅದೂ ನೆನಪಿದೆ. ಸರಿಯಾಗಿ ಆ ಹೊತ್ತಿಗೆ ಅಜ್ಜಿ ಕೇಳಿದಳು.

"ಮೊನ್ನೆ ಹಾಕ್ಲಿಲ್ಲ, ನೆನ್ನೆ ಹಾಕ್ದೆ. ಇವತ್ತೇನು ಮಗಾ?"

"ಅದು ನನ್ನ ಕೈಯಲ್ಲಿಲ್ಲ ಅಜ್ಜಿ, ಕೈಯೇ ಹೇಳಬೇಕು" ಅಂದ. ಜನ ನಕ್ಕರು. ನಗು ನಿಲ್ಲುವಷ್ಟರಲ್ಲಿ ಮುಚ್ಚಳ ಟಕ್ಕೆಂದು ಕೂತು, ಕುಕ್ಕರ್ ಒಲೆಯ ಮೇಲಿತ್ತು. ತಾನು ಹಾಕಿದೆನೋ ಇಲ್ಲವೋ ಎಂಬುದು ಅವನಿಗೆ ಖಂಡಿತ ಗೊತ್ತಿರಲಿಲ್ಲ.

ಅವನ ಮುಖ ನೋಡಿಯೇ ಜನಕ್ಕೆ ಅದು ತಿಳಿದುಹೋಯಿತು. "ಹಾಕಿದಾನೆ" ಅಂದರು ಒಂದಿಷ್ಟು ಜನ. "ಇಲ್ಲ, ನಾನು ನೋಡಿದೀನಿ, ಬರೀ ಕೈಯಾಡಿಸಿದ" ಅಂದರು ಇನ್ನೊಂದಿಷ್ಟು ಜನ. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ ಆದರು. ಅವನು ತಟ್ಟೆ ನೋಡಿಬಿಡೋಣವೆಂದು ಬಗ್ಗಿದರೆ, "ಏಯ್, ನೋಡಬಾರದು" ಎಂದು ಎರಡೂ ಕಡೆಯವರು ಗದರಿದರು. ಹಾಸಿಗೆ ಸ್ಟಾಲಿನವನೂ ಗಿರಾಕಿಗಳನ್ನು ಬಿಟ್ಟು ಬಂದು ನಿಂತ. ಕ್ಯಾಷ್ ಅಕ್ಕ ತನ್ನ ಮೇಲೆ ಅಪವಾದ ಬರಬಾರದೆಂದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಎಲ್ಲರಿಗೂ ಕಾಣುವ ಹಾಗೆ ಎದ್ದು ನಿಂತಳು.

ಕುಕ್ಕರ್ ಕೂಗಿತು. ಹಾಕಿದಾನೆ ಅಂದವರೆಲ್ಲ ಹೋ ಎಂದರು. ಯಜಮಾನರೇ ಮುಂದೆ ಬಂದು, ಆವಿ ಇಳಿಯುವವರೆಗೆ ಕಾದು, ಮುಚ್ಚಳ ತೆಗೆದರು. ಎಲ್ಲರೂ ಕತ್ತು ಚಾಚಿದರು. ಒಳಗೆ ತಿಳಿಯಾದ ಬಿಸಿನೀರು. ಒಂದು ತುಂಡು ಕ್ಯಾರೆಟ್ಟೂ ಇರಲಿಲ್ಲ.

"ಮುಖ ತೊಳಕೊಳ್ಳಕ್ಕೆ ಆಗತ್ತೆ" ಅಂದರು ಯಾರೋ. ಎರಡೂ ಕಡೆಯವರು ತಾವೇ ಗೆದ್ದೆವೆಂದು ವಾದಕ್ಕೆ ನಿಂತರು. ಅವನಿಗೆ ಗೆದ್ದೆನೋ ಸೋತೆನೋ ತಿಳಿಯಲಿಲ್ಲ. ಅಮ್ಮನ ಪಾಠ ಅರ್ಧ, ಯಜಮಾನರ ಪಾಠ ಅರ್ಧ ನೆನಪಿಟ್ಟುಕೊಂಡ ಕೈಗಳು ಇಬ್ಬರಿಗೂ ಬೇಸರವಾಗದ ಹಾಗೆ ನಡೆದುಕೊಂಡಿದ್ದವು.

ಆಗ ಅಜ್ಜಿ ಸ್ಟೂಲಿನಿಂದ ಎದ್ದು ಮೇಜಿನ ಹತ್ತಿರ ಬಂದಳು.

"ಆ ಮೊದಲ ದಿನ ಸುಟ್ಟಿದ್ದು ಎಲ್ಲಿ?"

ಯಜಮಾನರು ಕೇಳಿಸದವರ ಹಾಗೆ ಅತ್ತ ತಿರುಗಿದರು. ಅವನು ಮೇಜಿನ ಕೆಳಗಿನಿಂದ ಬಟ್ಟೆ ಸರಿಸಿ ಅದನ್ನು ತೆಗೆದುಕೊಟ್ಟ. ಅಜ್ಜಿ ಕಲೆಯನ್ನು ನೋಡಲೇ ಇಲ್ಲ. ಕುಕ್ಕರನ್ನು ಮೇಜಿನ ಮೇಲಿಟ್ಟು, ಅಂಗೈಯಿಂದ ಅದುಮಿ, ಅಲ್ಲಾಡುತ್ತದೆಯೇ ಎಂದು ನೋಡಿದಳು. ಅಲ್ಲಾಡಲಿಲ್ಲ.

"ತಳ ಬಾಗಿಲ್ಲ" ಅಂದಳು.

ಅವನೂ ಮಗುಚಿ ಬೆರಳಾಡಿಸಿ ನೋಡಿದ. "ಇಲ್ಲ ಅಜ್ಜಿ, ತಳ ಸರಿಯಾಗೇ ಇದೆ. ರಬ್ಬರು ಹೋಗಿದೆ ಅಷ್ಟೇ."

"ಹೊಸ ರಬ್ಬರು ಹಾಕಿ ಇದನ್ನೇ ಕೊಡು." ಆಮೇಲೆ ಅವನಿಗೊಬ್ಬನಿಗೇ ಹೇಳುವಂತೆ ಹೇಳಿದಳು, ಆದರೆ ಗುಂಪು ಅಷ್ಟು ಹತ್ತಿರವಿದ್ದುದರಿಂದ ಎಲ್ಲರಿಗೂ ಕೇಳಿಸಿತು. "ನಾನೂ ಹಿಂಗೇ ಕಣಪ್ಪ. ಒಲೆ ಹಚ್ತೀನಿ, ಪಾತ್ರೆ ಇಡ್ತೀನಿ, ಒಳಗೆ ಏನೂ ಹಾಕಿರಲ್ಲ. ಎಷ್ಟು ಪಾತ್ರೆ ತಳ ಸೊಟ್ಟ ಆಯ್ತೋ. ಒಲೆ ಹತ್ರಾನೇ ಹೋಗಬೇಡ ಅಂತಾನೆ ಮಗ. ಮೊನ್ನೆ ನಿನ್ನ ನೋಡಿ ಸಮಾಧಾನ ಆಯ್ತು. ಪ್ರಾಯದೋರೂ ಮರೀತಾರೆ."

"ಹಾಗಂತ ಖಾಲಿ ಇಡಬೇಡಿ ಅಜ್ಜಿ."

"ಬೇಕು ಅಂತ ಇಡ್ತೀನೇನೋ?"

"ನಾನೂ ಬೇಕು ಅಂತ ಇಟ್ಟಿರ್ಲಿಲ್ಲ" ಅಂದ. ಮೂರು ದಿನದಲ್ಲಿ ಗಿರಾಕಿಗಳ ಮುಂದೆ ಅವನು ಆಡಿದ ಮಾತುಗಳಲ್ಲಿ ಬಾಯಿಪಾಠವಲ್ಲದ್ದು ಇದೇ ಮೊದಲಿರಬೇಕು. "ಮಗನಿಗೆ ಹೇಳಿ, ಒಲೆ ಹಚ್ಚುವಾಗ ಒಬ್ಬರು ಜೊತೆಗಿರಲಿ. ನನಗೂ ಅಮ್ಮ ಜೊತೆಗೆ ನಿಂತಿದ್ದಕ್ಕೇ ನೆನ್ನೆ ಬೆಂದಿದ್ದು."

ಗುಂಪಿನಲ್ಲಿ ಒಬ್ಬಾಕೆ ಮೆಲ್ಲಗೆ, "ನಮ್ಮನೇಲೂ ಒಂದಿನ ಹಾಲು ಹಾಕದೆ ಪಾತ್ರೆ ಇಟ್ಟಿದ್ದೆ" ಅಂದಳು. ಪಕ್ಕದವಳು ತನ್ನದೊಂದು ಹೇಳಿದಳು. ಒಬ್ಬ ಗಂಡಸು, ಫೋನಿನಲ್ಲಿ ಮಾತಾಡುತ್ತಾ ಖಾಲಿ ಬಾಣಲೆ ಕಾಯಿಸಿದ್ದನ್ನು ಹೆಂಡತಿಯ ಮುಂದೆಯೇ ಒಪ್ಪಿಕೊಂಡ; ಮನೆಯಲ್ಲಿ ಕಾಣೆಯಾಗಿದ್ದ ಆ ಬಾಣಲೆ ಏನಾಯಿತೆಂದು ಅವಳಿಗೆ ತಿಳಿದದ್ದೇ ಆಗ. ಒಬ್ಬೊಬ್ಬರೇ ಕುಕ್ಕರಿನ ತಳ ಅದುಮಿ ನೋಡಿದರು. ಡಬ್ಬಗಳು ಒಂದೊಂದಾಗಿ ಇಳಿಯತೊಡಗಿದವು, ಎಣಿಕೆ ಹತ್ತು ದಾಟಿತು. ಕ್ಯಾಷ್ ಅಕ್ಕ ಬಾಯಿಂದ ಕೈ ತೆಗೆದು, ಮೇಳದಲ್ಲಿ ಮೊದಲ ಸಲ, "ಚಿಲ್ಲರೆ ಇದೆಯಾ?" ಅಂದಳು.

"ಸುಟ್ಟದ್ದೇ ಇನ್ನೊಂದಿದೆಯಾ?" ಅಂತ ಕೇಳಿದಳು ಒಬ್ಬಾಕೆ. "ಗಟ್ಟಿ ಅಂತ ಗೊತ್ತಾಗಿರತ್ತಲ್ಲ."

ಕಲೆ ಬಿದ್ದ ಪಾತ್ರೆ ಯಾರೂ ತಗೊಳ್ಳುವುದಿಲ್ಲ ಎಂದು ಇಷ್ಟು ವರ್ಷ ನಂಬಿದ್ದ ಯಜಮಾನರು ಆಕೆಯನ್ನು ಕಣ್ಣು ಕಣ್ಣು ಬಿಟ್ಟು ನೋಡಿದರು. ಆಮೇಲೆ ಅವನತ್ತ ತಿರುಗಿದರು. ಮುಖದಲ್ಲಿ ಸಂತೋಷವಿತ್ತೋ ಸಂಕಟವಿತ್ತೋ, ಎರಡಕ್ಕೂ ಒಂದೇ ಮುಚ್ಚಳ ಹಾಕಿದ ಹಾಗಿತ್ತು.

ಸ್ಟಾಲು ಬಿಚ್ಚುವಾಗ ಅವರು ಮಂಡಿ ಉಜ್ಜಿಕೊಳ್ಳುತ್ತಾ, "ನಾಳೆಯಿಂದ ಮೇಲೆ ಬಾ" ಅಂದರು.

"ಕೌಂಟರಿಗಾ ಸರ್? ಯಾತಕ್ಕೆ ಅಂತ..."

"ಅದು ನನಗೂ ಗೊತ್ತಾಗಿಲ್ಲ. ಕೇಳ್ತಾ ನಿಂತ್ರೆ ಮನಸ್ಸು ಬದಲಾಗಬಹುದು. ಬಾ ಅಂದೆನಲ್ಲ, ಬಾ."

ಮನೆಗೆ ಹೋಗುವ ಮುಂಚೆ ಅವನು ಗೋಡೌನಿಗೆ ಇಳಿದು, ಗೋಡೆಯಿಂದ ಒಂದು ಮುಚ್ಚಳ ಇಳಿಸಿ, ಕ್ಯಾಷ್ ಅಕ್ಕನಿಗೆ ತೋರಿಸಿಯೇ ಚೀಲಕ್ಕೆ ಹಾಕಿಕೊಂಡ. ಅಮ್ಮನ ದೊಡ್ಡ ಪಾತ್ರೆಯ ಅಂಚು ಅವನ ಬೆರಳಿಗೆ ಎಷ್ಟೋ ವರ್ಷದಿಂದ ಗೊತ್ತಿತ್ತು.

"ಕೆಲಸ ಉಳೀತಾ?" ಅಂದಳು ಅಮ್ಮ, ಬಾಗಿಲಲ್ಲೇ.

"ಉಳೀತು."

"ಚೆನ್ನಾಗಿ ಬೇಯಿಸಿದೆಯಾ?"

"ಬರೀ ನೀರು ಬೇಯಿಸಿದೆ."

ತಂಗಿ ಪುಸ್ತಕದಲ್ಲಿ ಮುಖ ಮರೆಸಿಕೊಂಡು ನಕ್ಕಳು. ಅವನು ಅಡುಗೆಮನೆಗೆ ಹೋಗಿ ದೊಡ್ಡ ಪಾತ್ರೆಯ ಮೇಲಿನ ತಟ್ಟೆ ತೆಗೆದು ಮುಚ್ಚಳ ಇಟ್ಟ. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು. ಅಮ್ಮ ಒಮ್ಮೆ ಎತ್ತಿ ನೋಡಿದಳು, ಇಟ್ಟು ನೋಡಿದಳು, ಚೆನ್ನಾಗಿದೆ ಅಂದಳು. ಆಮೇಲೆ ಆ ಮುಚ್ಚಳದ ಮೇಲೆ ತಟ್ಟೆ ಇಟ್ಟು, ತಟ್ಟೆಯ ಮೇಲೆ ಸೌಟು ಇಟ್ಟಳು.